ಗೇಟಿನ ಪಕ್ಕದ ಮರಳು

ಕ್ಯಾಸೆಟ್ಟು
ದಾವಣಗೆರೆ, 31 ಮೇ 1998, ಭಾನುವಾರ

...ಅಷ್ಟೊತ್ತಿಗೆ ಜಾಕಿ ಜಾರಿ ಜೀಪು ಧಡ್ ಅಂತ ಕೂತ್ಕಂತು ಭಾವ, ನನ್ನ ಕೈ ಆಗ ತಾನೇ ಹೊರಗೆ ಬಂದಿತ್ತು. ಬೆರಳು ಐದೂ ಅದಾವೆ, ಹೆದರಬ್ಯಾಡ್ರಿ. ಬೆಳಿಗ್ಗೆಯೆಲ್ಲ ಇದೇ ಗೋಳು. ಮೊದ್ಲು ಒಂದು ಬೋಲ್ಟ್ ಮುರೀತು. ಆಮೇಲೆ ನಟ್ಟು ಬಿಚ್ಚಾಕ ಹನ್ನೊಂದರ ಪಾನ ಬೇಕಾತು. ನನ್ನ ಹತ್ರ ಹತ್ತು ಐತೆ, ಹನ್ನೆರಡು ಐತೆ, ಹನ್ನೊಂದು ಮಾತ್ರ ಇಲ್ಲ. ರೂಮಿನ ಮಾಲೀಕರು ಬಂದು ಬಗ್ಗಿ ನೋಡಿ, "ಏನಪ್ಪಾ ಅಶ್ವಥ್, ಜೀಪು ತಗಂಡ್ಯೋ, ಜೀಪಿನ ಕೆಳಗೆ ಬಾಡಿಗಿ ಮನಿ ಹಿಡ್ದ್ಯೋ?" ಅಂದು ಹೋದ್ರು.

ಬರೆಯಾಕೆ ಕೂತ್ರೆ ಬೆರಳು ಉರೀತಾವೆ, ಅದಕ್ಕೆ ಮಾತಾಡಾಕ ಹತ್ತೀನಿ. ಟೇಪ್ ರೆಕಾರ್ಡರ್ ನನ್ನ ರೂಮಿನ ರೌಫ್‌ದು. ಎರಡನೇ ಶಿಫ್ಟ್ ಮುಗಿಸಿ ಬಂದೀನಿ, ಅವನು ಮಲಗ್ಯಾನೆ, ಮೆಲ್ಲಗೆ ಮಾತಾಡ್ತೀನಿ.

ಜೀಪು ತಗಂಡಿದ್ದು ಅಕ್ಕ ಬರ್ದಿರ್ಬೇಕಲ್ಲ? ಕಂಟ್ರಾಕ್ಟರ್ ಕುಬೇರಪ್ಪನವರು ಓಡಿಸ್ತಿದ್ದದ್ದು. ಟರ್ಬೊ. ಮೂರನೇ ಗೇರಿಗೆ ಹಾಕಿ ಒತ್ತಿದ್ರೆ ಹಿಂದಿನಿಂದ ಯಾರೋ ನೂಕಿದಂಗೆ ಹೋಗ್ತೈತೆ ಭಾವ. ಲೋಕಿಕೆರೆ ಬಿಟ್ಟು ಇಲ್ಲಿಗೆ ಬಂದು ಮೂರು ವರ್ಷ ಆತು. ಕರೂರಿನ ಫ್ಯಾಕ್ಟರಿಯಾಗೆ ದಿನಾ ಅದೇ ಪ್ರೆಸ್ಸು, ಅದೇ ತಗಡು, ಒತ್ತು, ತೆಗಿ, ಒತ್ತು, ತೆಗಿ. ನಂದು ಅಂತ ಓಡೋದು ಒಂದಾದ್ರೂ ಇರ್ಲಿ ಅನ್ನಿಸ್ತು.

ಒಂದೇ ತೊಂದ್ರೆ, ಬ್ರೇಕು. ಪೆಡಲ್ ಒತ್ತಿದ್ರೆ ಹಿಟ್ಟಿನಾಗೆ ಕಾಲಿಟ್ಟಂಗೆ ಮೆತ್ತಗೆ ಹೋಗ್ತೈತೆ. ಬ್ರೇಕಿನ ಡಬ್ಬಿಯಾಗೆ ಎಣ್ಣೆ ಕಮ್ಮಿ ಇತ್ತು, ತುಂಬ್ಸೀನಿ. ಮುಂದೆ ಏನು ಮಾಡ್ಲಿ ಹೇಳ್ರಿ. ಮಕ್ತುಮ್ ಸಾಬ್ ಗ್ಯಾರೇಜಿಗೆ ಹೋಗಿದ್ದೆ. "ಬಿಟ್ಟು ಹೋಗು" ಅಂದ್ರು. ಇಲ್ರಿ, ನಾನೇ ಕಲ್ತು ಮಾಡ್ಬೇಕು ಅಂದೆ. "ಹಂಗಾದ್ರೆ ಮೊದ್ಲು ಸೈಕಲ್ಲಿಂದ ಶುರು ಮಾಡು" ಅಂದ್ರು, ಅಲ್ಲಿದ್ದೋರೆಲ್ಲ ನಕ್ಕರು. ಶಾರ್ಜಾದಾಗೆ ನಮ್ಮ ಭಾವನೇ ಮೆಕ್ಯಾನಿಕ್ ಇರ್ಬೇಕಾದ್ರೆ ಇವರ ಹತ್ರ ಯಾಕ ಹೋಗ್ಲಿ?

ಆಗಸ್ಟ್ ಹತ್ತಕ್ಕೆ, ಶ್ರಾವಣ ಸೋಮವಾರ, ಅಕ್ಕನ ಕುಬಸ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಅವತ್ತೇ ಹರಿಹರದಿಂದ ಲೋಕಿಕೆರೆಗೆ ತವರಿಗೆ ಕರ್ಕಂಡು ಹೋಗ್ಬೇಕು. ತಮ್ಮನ ಕೆಲ್ಸ ಅದು. ಚೊಚ್ಚಲ ಬಸುರಿ, ಬಸ್ಸಿನಾಗೆ ನೂಕ್ಯಾಡ್ಕಂಡು ಹೋಗೋದು ಬ್ಯಾಡ, ನನ್ನ ಜೀಪಿನಾಗೇ ಅಂತ ಮಾತು ಕೊಟ್ಟೀನಿ. ಬ್ಯಾಗ ಬರೀರಿ.


ಶಾರ್ಜಾ, 12 ಜೂನ್ 1998, ಶುಕ್ರವಾರ

ಪ್ರೀತಿಯ ಅಶ್ವಥ್,

ನಿನ್ನ ಕ್ಯಾಸೆಟ್ಟು ನಿನ್ನೆ ತಲುಪಿತು. ನಾವು ಆರು ಜನ ಇರುವ ಕೋಣೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಆದರೂ ನಿನ್ನ ದನಿ ಕೇಳಿ ಎಲ್ಲರೂ ಟೇಪಿನ ಸುತ್ತ ಬಂದು ಕುಳಿತರು. ಯಾರ ಮನೆಯದಾದರೂ ಮನೆಯ ದನಿಯೇ ಅಲ್ಲವೇ.

ಮೊದಲು ಜಾಕಿಯ ವಿಷಯ. ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡ. ಗಾಲಿಗಳ ಹಿಂದೆ ಕಲ್ಲು ಇಡು, ಬಿಚ್ಚಿದ ಗಾಲಿಯನ್ನು ಗಾಡಿಯ ಕೆಳಗೆ ಮಲಗಿಸು. ಜಾಕಿ ಜಾರಿದರೆ ಗಾಡಿ ಗಾಲಿಯ ಮೇಲೆ ಕೂರುತ್ತದೆ, ನಿನ್ನ ಮೇಲಲ್ಲ.

ಪೆಡಲ್ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದರ್ಥ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹಿಂದಿನ ಸಣ್ಣ ನಟ್ಟು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು. ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ದೂರದ ಗಾಲಿಯಿಂದ ಆರಂಭಿಸು.

ಇಂಥ ಗಾಡಿಗಳು ಇಲ್ಲಿ ದಿನಕ್ಕೆ ಹತ್ತು ಬರುತ್ತವೆ. ಕಷ್ಟದ ಕೆಲಸವಲ್ಲ, ಅವಸರ ಬೇಡ ಅಷ್ಟೇ. ಬ್ರೇಕು ಸರಿಯಾಗುವವರೆಗೆ ನಿನ್ನ ಅಕ್ಕನನ್ನು ಅದರಲ್ಲಿ ಕೂರಿಸಬೇಡ. ಅವಳು ನನಗೆ ಬರೆಯುವ ಕಾಗದಗಳಲ್ಲಿ ಜೀಪಿನ ಸುದ್ದಿಯೇ ಹೆಚ್ಚಾಗಿದೆ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ಅದನ್ನು ಓದಿದಾಗ ಸಂತೋಷವಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ನಿನ್ನ ಭಾವ,
ಉಚ್ಚೆಂಗಪ್ಪ


ಕ್ಯಾಸೆಟ್ಟು
ದಾವಣಗೆರೆ, 24 ಜೂನ್ 1998, ಬುಧವಾರ

ಭಾವ, ನಿಮ್ಮ ಕಾಗದ ಬರೋದ್ರಾಗೆ ಬ್ರೇಕು ತಾನೇ ಸರಿ ಹೋಗೈತೆ. ಗಾಳಿಗೀಳಿ ಏನೂ ತೆಗೆದಿಲ್ಲ. ಎಣ್ಣೆ ತುಂಬ್ಸಿದ ಎಂಟು ದಿನಕ್ಕೆ ಪೆಡಲ್ ಮ್ಯಾಲೆ ಬಂತು. ಈಗ ಕಲ್ಲು. ಒತ್ತಿದ್ರೆ ಕಲ್ಲು ಒತ್ತಿದಂಗೆ. ತಡೀರಿ, ಟೇಪ್ ಜೀಪಿನ ಹತ್ರನೇ ತಂದೀನಿ, ಒತ್ತತೀನಿ, ಕೇಳ್ರಿ.

ಕೇಳಿಸ್ತಾ? ಟಕ್ ಅಂತೈತೆ. ಮೊದ್ಲು ಪುಸ್ಸ್ ಅಂತಿತ್ತು.

ರೌಫ್ ಅಂತಾನೆ, "ಇದು ತಾನೇ ವಾಸಿ ಆಗಾಕೆ ಜ್ವರ ಏನೋ? ಮಕ್ತುಮ್ ಸಾಬ್ ಹತ್ರ ತೋರ್ಸು." ಅವನಿಗೇನು ಗೊತ್ತು. ಅವನು ವೀಸಾ ಬರ್ತೈತೆ ಅಂತ ಕಾಯ್ತಾ ಕುಂತಾನೆ, ಅವನ ಅಣ್ಣ ನಿಮ್ಮ ಶಾರ್ಜಾದಾಗೇ ಅದಾನಲ್ಲ.

ಒಂದು ಮಾತು ಮಾತ್ರ ಕೇಳ್ಬೇಕು. ಹರಿಹರಕ್ಕೆ ಹೋಗಿ ಬಂದೆ, ಒಬ್ನೇ, ಪಿ.ಬಿ. ರೋಡಿನಾಗೆ. ಬಂದು ನಿಲ್ಸಿ ಇಳಿದ್ರೆ ರಬ್ಬರ್ ಸುಟ್ಟಂಗೆ ಒಂಥರಾ ವಾಸ್ನೆ. ಗಾಲಿ ನಡುವೆ ಕೈ ಹತ್ರ ಹಿಡಿಯಾಕ ಆಗ್ಲಿಲ್ಲ. ನೀರು ಚಿಮುಕಿಸಿದ್ರೆ ಚುಯ್ ಅಂತು, ದ್ವಾಸಿ ಹೆಂಚಿನಂಗೆ. ಮತ್ತೆ ನ್ಯೂಟ್ರಲ್ ಮಾಡಿ ನೂಕಿದ್ರೂ ಜೀಪು ಅಲ್ಲಾಡಲ್ಲ, ಯಾರೋ ಹಿಡ್ಕಂಡಂಗೆ. ಓಡಿಸ್ಬೇಕಾದ್ರೆ ಎಳೆತ ಅರ್ಧ ಆಗೈತೆ. ಇಂಥ ಟರ್ಬೊ ಎತ್ತಿನ ಗಾಡಿ ಹಿಂದೆ ಹೋಗ್ಬೇಕಾತು.

ಬ್ರೇಕು ಜಾಸ್ತಿ ಹಿಡಿಯೋದು ಒಳ್ಳೇದೇ ಅಲ್ವಾ ಭಾವ? ಹಿಡೀದೇ ಇದ್ರೆ ಭಯ. ಹಿಡಿದ್ರೆ ಭಯ ಯಾಕ? ಆದ್ರೂ ಹೇಳ್ತೀನಿ, ಮಲಗಿದ್ರೆ ಆ ವಾಸ್ನೆ ಮೂಗಿನಾಗೇ ಇರ್ತೈತೆ.

ಅಕ್ಕಗೆ ಏನೂ ಬರೀಬ್ಯಾಡ್ರಿ.


ಶಾರ್ಜಾ, 3 ಜುಲೈ 1998, ಶುಕ್ರವಾರ

ಪ್ರೀತಿಯ ಅಶ್ವಥ್,

ಪೆಡಲಿನ ಸದ್ದನ್ನು ಐದಾರು ಸಲ ಹಿಂದೆ ತಿರುಗಿಸಿ ಕೇಳಿದೆ. ಗಟ್ಟಿಯಾದ ಸದ್ದು. ಗಾಳಿ ತಾನಾಗಿ ಹೋಗಿರಬೇಕು, ಕೆಲವು ಸಲ ಹಾಗಾಗುತ್ತದೆ.

ಗಾಲಿ ಬಿಸಿಯಾಗುವುದಕ್ಕೆ ಕಾರಣ ಬೇರೆ. ಗಾಲಿಯ ಡ್ರಮ್ಮಿನೊಳಗೆ ಅದನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳು ತುಂಬ ಹತ್ತಿರ ಕೂತಿವೆ. ಕುಬೇರಪ್ಪನವರು ಮೆತ್ತಗಿದ್ದ ಪೆಡಲನ್ನು ಸರಿಮಾಡಲು ಬಿಗಿ ಮಾಡಿಸಿರಬೇಕು. ಡ್ರಮ್ಮಿನ ಹಿಂದೆ ಒಂದು ಸಣ್ಣ ಕಿಂಡಿಯಿದೆ, ಅದರೊಳಗೆ ಹಲ್ಲಿನ ಚಕ್ರವಿದೆ. ಸ್ಕ್ರೂ ಡ್ರೈವರ್ ಹಾಕಿ ಗಾಲಿ ಸರಾಗವಾಗಿ ತಿರುಗುವವರೆಗೆ ಸಡಿಲ ಮಾಡು.

ನೀನು ಭಯದ ಮಾತು ಆಡಿದೆ. ಭಯ ಇರಲಿ, ಒಳ್ಳೆಯದು. ನನಗೂ ಇಲ್ಲಿ ಅದೇ ಇದೆ. ನಿನ್ನ ಅಕ್ಕ ಸ್ವಾತಿಗೆ ಈಗ ಕಾಲು ಊದಿಕೊಳ್ಳುತ್ತದೆಯಂತೆ. ನಾನು ಹತ್ತಿರ ಇಲ್ಲದ ಕಡೆ ನೀನು ಇದ್ದೀಯ ಎಂಬ ಧೈರ್ಯದಲ್ಲಿ ದಿನ ದೂಡುತ್ತಿದ್ದೇನೆ.

ಉಚ್ಚೆಂಗಪ್ಪ


ಕ್ಯಾಸೆಟ್ಟು
ದಾವಣಗೆರೆ, 19 ಜುಲೈ 1998, ಭಾನುವಾರ

ಭಾವ, ಆರಾಮಾ? ನಾನೂ ಆರಾಮ. ಜೀಪೂ ಆರಾಮೈತೆ. ನೀವು ಹೇಳ್ದಂಗೆ ನಾಲ್ಕೂ ಗಾಲಿ ಶೂ ಸಡಿಲ ಮಾಡ್ದೆ, ಈಗ ಬಿಸಿ ಆಗಲ್ಲ.

ಅಕ್ಕನೂ ಆರಾಮದಾಳೆ. ಶುಕ್ರವಾರ ದಾವಣಗೆರೆಗೆ ಡಾಕ್ಟರ್ ಹತ್ರ ತೋರ್ಸಾಕ ಬಂದಿದ್ಲು. ಎಲ್ಲ ಚೆನ್ನಾಗೈತೆ ಅಂದ್ರಂತೆ.

ಮತ್ತೇನಿಲ್ಲ. ಇಲ್ಲಿ ಮಳಿ ಇಲ್ಲ, ಸೆಕೆ. ಅವ್ವ ಲೋಕಿಕೆರೆಯಾಗೆ ಬಾಣಂತಿ ಕ್ವಾಣೆಗೆ ಸುಣ್ಣ ಹೊಡಿಸ್ಯಾಳೆ. ಇಡ್ತೀನಿ.


ಶಾರ್ಜಾ, 28 ಜುಲೈ 1998, ಮಂಗಳವಾರ

ಅಶ್ವಥ್,

ಇವತ್ತು ರಜೆಯ ದಿನವಲ್ಲ. ಆದರೂ ಕೆಲಸದಿಂದ ಬಂದ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಕ್ಯಾಸೆಟ್ಟು, ಸ್ವಾತಿಯ ಕಾಗದ ಎರಡೂ ಒಟ್ಟಿಗೆ ಬಂದವು. ಅವಳು ಬರೆದಿದ್ದಾಳೆ: "ನಿಮ್ಮ ಬಾಮೈದ ಭಾರೀ ಡ್ರೈವರ್ ಆಗಿದ್ದಾನೆ. ನನ್ನನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ರೈಲ್ವೆ ಗೇಟು ಹಾಕಿದ್ದರು. ಗಾಡಿಗಳ ಹಿಂದೆ ನಿಲ್ಲುವುದು ಬಿಟ್ಟು ಪಕ್ಕದ ಮರಳು ಗುಡ್ಡೆಗೆ ಜೀಪು ಹತ್ತಿಸಿದ. ನಾನು ನಕ್ಕೂ ನಕ್ಕೂ ಸಾಕಾಯಿತು. ಮುಂದೆ ಆಟೋದಲ್ಲಿ ಹೋದೆ."

ಅದನ್ನು ಓದಿದ ಕೂಡಲೇ ನಿನ್ನ ಮೇಲೆ ಸಿಟ್ಟು ಬಂತು. ಏಳು ತಿಂಗಳ ಬಸುರಿಯನ್ನು ಕೂರಿಸಿಕೊಂಡು ಆಟವಾಡುತ್ತಾನೆಯೇ ಎಂದು ಬೈಯಲು ಕಾಗದ ತೆಗೆದೆ. ಆಮೇಲೆ ನಿನ್ನ ಕ್ಯಾಸೆಟ್ಟು ಇನ್ನೊಮ್ಮೆ ಹಾಕಿದೆ. ಮೊದಲೆರಡು ಕ್ಯಾಸೆಟ್ಟುಗಳಲ್ಲಿ ನಿನ್ನ ಬಾಯಲ್ಲಿ ಜೀಪು ಬಿಟ್ಟು ಮಾತಿರಲಿಲ್ಲ. ಇದರಲ್ಲಿ ಸುಣ್ಣದ ಸುದ್ದಿ ಇದೆ, ಸೆಕೆಯ ಸುದ್ದಿ ಇದೆ. ಜೀಪಿನ ಸುದ್ದಿ ಎರಡೇ ಮಾತು. ಅವಳನ್ನು ಕರೆತಂದವನು ನೀನೇ ಎಂಬುದನ್ನೂ ಹೇಳಿಲ್ಲ.

ಅದು ಆಟವಲ್ಲ. ಅಲ್ಲವೇ?

ಈಗ ನನ್ನ ಮಾತು. ನಾನು ಇಲ್ಲಿ ಮೆಕ್ಯಾನಿಕ್ ಅಲ್ಲ. ಬಂದು ಎರಡು ವರ್ಷವಾಯಿತು, ಒಂದು ದಿನವೂ ಪಾನ ಹಿಡಿದಿಲ್ಲ. ಗ್ಯಾರೇಜಿಗೆ ಬರುವ ಗಾಡಿಗಳನ್ನು ತೊಳೆಯುತ್ತೇನೆ. ಇದು ಸ್ವಾತಿಗೂ ಗೊತ್ತಿಲ್ಲ, ಡಿಸೆಂಬರಿನಲ್ಲಿ ರಜೆಗೆ ಊರಿಗೆ ಬಂದಾಗಲೂ ಹೇಳಲಿಲ್ಲ. ನೀನು ಕೇಳಿದ್ದನ್ನೆಲ್ಲ ಅಮೀರ್ ಜಾನ್ ಎಂಬ ಹೈದರಾಬಾದಿನ ಮೆಕ್ಯಾನಿಕ್ ಹತ್ತಿರ ಚಹಾದ ಹೊತ್ತಿನಲ್ಲಿ ಕೇಳಿ, ನನ್ನದೆಂದು ಬರೆಯುತ್ತಿದ್ದೆ. ಗಾಲಿ ಬಿಸಿಯಾಗುವ ವಿಷಯ ಹೇಳಿದಾಗ ಅವರು, "ಯಾವ ಎಣ್ಣೆ ಹಾಕಿದ್ದಾನೆ, ಅದನ್ನು ಮೊದಲು ಕೇಳು" ಎಂದಿದ್ದರು. ಮೆಕ್ಯಾನಿಕ್ಕಾದವನು ಇಷ್ಟು ಸಣ್ಣ ಪ್ರಶ್ನೆ ಕೇಳಿದರೆ ನೀನು ಏನೆಂದುಕೊಳ್ಳುತ್ತೀಯೋ ಎಂದು ಅದನ್ನು ಬಿಟ್ಟೆ. ಶೂ ಸಡಿಲ ಮಾಡು ಎಂದು ನಾನೇ ಊಹಿಸಿ ಬರೆದೆ.

ಈಗ ಕೇಳುತ್ತಿದ್ದೇನೆ. ಯಾವ ಎಣ್ಣೆ ಹಾಕಿದೆ?

ಈ ಕಾಗದ ನಿನಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಹತ್ತನೇ ತಾರೀಖು ಹತ್ತಿರ ಬರುತ್ತಿದೆ. ಕಾಗದದ ಮೇಲೆ ಕೈ ಇಟ್ಟು ಹೇಳುತ್ತೇನೆ, ಅವಳನ್ನು ಅದರಲ್ಲಿ ಕೂರಿಸಬೇಡ.

ಉಚ್ಚೆಂಗಪ್ಪ


ಕ್ಯಾಸೆಟ್ಟು
ದಾವಣಗೆರೆ, 6 ಆಗಸ್ಟ್ 1998, ಗುರುವಾರ

ಭಾವ, ನಿಮ್ಮ ಕಾಗದ ನಿನ್ನೆ ಬಂತು. ರೌಫ್‌ಗೆ ವೀಸಾ ಆಗೈತೆ. ಇವತ್ತು ರಾತ್ರಿ ಬಸ್ಸಿಗೆ ಬಾಂಬೆಗೆ ಹೋಗಿ, ಶನಿವಾರ ಬೆಳಿಗ್ಗೆ ನಿಮ್ಮಲ್ಲಿ ಇಳೀತಾನೆ. ಈ ಕ್ಯಾಸೆಟ್ಟು ಅವನ ಕೈಯಾಗೇ ಕೊಡ್ತೀನಿ. ಅವನು ಬ್ಯಾಗು ಕಟ್ತಾ ಅದಾನೆ, ಗಡಿಬಿಡಿಯಾಗೆ ಹೇಳ್ತೀನಿ, ಹಿಂದುಮುಂದಾದ್ರೆ ಸುಧಾರಿಸ್ಕಳ್ರಿ.

ಪ್ರೆಸ್ಸಿನ ಎಣ್ಣೆ ಹಾಕೀನಿ ಭಾವ. ನಮ್ಮ ಫ್ಯಾಕ್ಟರಿ ಪ್ರೆಸ್ಸಿಂದು. ನಾನು ಮೂರು ವರ್ಷದಿಂದ ಅದನ್ನೇ ನೋಡೀನಿ. ಎಣ್ಣೆ ಪೈಪಿನಾಗೆ ಹೋಗಿ ಒತ್ತಿದ್ರೆ ನಲವತ್ತು ಟನ್ ಒತ್ತಡಕ್ಕೆ ತಗಡು ಹಪ್ಪಳ ಆಗ್ತೈತೆ. ಬ್ರೇಕಿನಾಗೂ ಎಣ್ಣೆ ಪೈಪಿನಾಗೆ ಹೋಗಿ ಒತ್ತತೈತೆ. ಅಷ್ಟು ದೊಡ್ಡ ಪ್ರೆಸ್ಸಿಗೆ ಆಗೋದು ಈ ಸಣ್ಣ ಜೀಪಿಗೆ ಆಗಲ್ವಾ ಅಂದ್ಕಂಡೆ. ನೀವು ಯಾವ ಎಣ್ಣೆ ಅಂತ ಮೊದ್ಲೇ ಕೇಳಿದ್ರೆ ಹೆಮ್ಮೆಯಿಂದ ಹೇಳ್ತಿದ್ದೆ. ನಿಮ್ಮ ಮ್ಯಾಲೆ ಹಾಕಾಕಲ್ಲ ಈ ಮಾತು.

ಅವತ್ತಿಂದು ಹೇಳ್ತೀನಿ. ಹರಿಹರದಿಂದ ಬರೋವರೆಗೂ ಬ್ರೇಕು ಹಿಡೀತಿತ್ತು. ದಾವಣಗೆರೆ ಒಳಗೆ ಬಂದು ತಿರುವು ತಗಂಡಾಗ ಮುಂದೆ ಗೇಟು ಬೀಳಾಕ ಹತ್ತೈತೆ. ಗೇಟಿನ ಮುಂದೆ ಮೆಕ್ಕೆಜೋಳದ ಚೀಲ ಹೇರಿದ ಗಾಡಿ, ಅದರ ಮ್ಯಾಲೆ ಒಬ್ಬ ಮುದುಕ ಕುಂತು ಬೀಡಿ ಸೇದ್ತಿದ್ದ. ಒತ್ತಿದೆ. ಪೆಡಲ್ ನೆಲಕ್ಕೆ ಹೋತು. ಇನ್ನೊಂದ್ಸಲ ಒತ್ತಿದೆ. ಏನೂ ಇಲ್ಲ ಭಾವ, ಗಾಳಿ. ಮೂರನೇ ಸಲ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಎಡಕ್ಕೆ ಯಾರೋ ಮನಿ ಕಟ್ಟಾಕ ಹಾಕಿಸಿದ ಮರಳಿತ್ತಲ್ಲ, ಅದಕ್ಕೆ ಹೊಡೆದೆ. ರೈಲು ಹೋಗೋವರೆಗೂ ನನಗೆ ಕೈ ಬಿಡಿಸಾಕ ಆಗ್ಲಿಲ್ಲ, ಸ್ಟೇರಿಂಗಿಗೆ ಅಂಟ್ಕಂಡಿತ್ತು. ಮುದುಕ ತಿರುಗಿ ನೋಡಿ, "ಯಾಕಪ್ಪಾ, ರೋಡು ಸಾಲ್ಲಿಲ್ವಾ?" ಅಂದ. ಅಕ್ಕ ನಗಾಕ ಹತ್ತಿದ್ಲು. ನಾನೂ ನಕ್ಕೆ. ಡೀಸೆಲ್ ಮುಗೀತು ಅಂತ ಸುಳ್ಳು ಹೇಳಿ ಆಟೋ ಹತ್ತಿಸಿದೆ. ಜೀಪು ಒಂದನೇ ಗೇರಿನಾಗೆ ತೆವಳಿಸ್ಕಂಡು ರೂಮಿಗೆ ತಂದೆ. ಅವತ್ತಿಂದ ಅದಕ್ಕೆ ತಾಡಪಾಲು ಮುಚ್ಚಿ, ಅದರ ಕಡೆ ನೋಡ್ದಂಗೆ ಫ್ಯಾಕ್ಟರಿಗೆ ಹೋಗ್ತಿದ್ದೆ. ಯಾರಿಗೂ ಹೇಳ್ಲಿಲ್ಲ. ಸೋಮವಾರಕ್ಕೆ ಏನು ಮಾಡ್ತಿದ್ನೋ ನನಗೇ ಗೊತ್ತಿಲ್ಲ. ಸುಳ್ಳು ಹೇಳಲ್ಲ, ನಿಧಾನಕ್ಕೆ ಓಡಿಸ್ಕಂಡು ಹೋದ್ರೆ ಆತೇನೋ ಅಂತಾನೂ ಒಂದು ಮನಸ್ಸು ಇತ್ತು.

ನಿಮ್ಮ ಕಾಗದ ಓದಿ ನಿನ್ನೆನೇ ಮಕ್ತುಮ್ ಸಾಬ್ ಹತ್ರ ಹೋದೆ. ಹಗ್ಗ ಕಟ್ಟಿ ಎಳಿಸ್ಕಂಡು ಹೋದ್ರು. ಬ್ರೇಕಿನ ಡಬ್ಬಿ ಮುಚ್ಚಳ ತೆಗೆದು ಮೂಸಿದ್ರು.

"ಎಲ್ಲಿ ಕೆಲ್ಸ ನಿಂದು?"

"ಕರೂರಾಗ್ರಿ, ಪ್ರೆಸ್ಸಿನ ಮ್ಯಾಲೆ."

"ಗೊತ್ತಾತು ಬಿಡು. ಅಡಿಗಿ ಭಟ್ಟ ಆಗಿದ್ರೆ ಶೇಂಗಾ ಎಣ್ಣೆ ಹಾಕ್ಕಂಡು ಬರ್ತಿದ್ದೆ."

ಈ ಸಲ ಯಾರೂ ನಗ್ಲಿಲ್ಲ. ಗಾಲಿ ಬಿಚ್ಚಿ, ಒಳಗೆ ಎಣ್ಣೆ ತಡೆಯೋ ರಬ್ಬರ್ ಬಟ್ಟಲು, ಕಪ್ಪು ಅಂತಾರೆ, ಅದನ್ನ ತೆಗೆದು ನನ್ನ ಅಂಗೈಯಾಗೆ ಇಟ್ರು. ನೆನೆಹಾಕಿದ ಕಡ್ಲೆಕಾಳಿನಂಗೆ ಉಬ್ಬೈತೆ. ಪ್ರೆಸ್ಸಿನ ಎಣ್ಣೆ ಕುಡಿದು ಕುಡಿದು ಊದ್ಕಂಡೈತೆ. ಊದಿದಾಗ ಬ್ರೇಕು ಹಿಡ್ಕಂಡೇ ಇತ್ತು, ಅದಕ್ಕೇ ಗಾಲಿ ಸುಡ್ತಿತ್ತು. ಆಮೇಲೆ ನಾವು ಶೂ ಸಡಿಲ ಮಾಡಿದ್ವಲ್ಲ, ಅದು ಹೋಗಿ ಡ್ರಮ್ಮು ಮುಟ್ಟಾಕ ದೂರ ಆತು. ಉಬ್ಬಿದ ರಬ್ಬರು ಅಷ್ಟು ದೂರ ತಳ್ಳಾಕ ಹೋಗಿ ಮಡಚ್ಕಂತು, ಅದಕ್ಕೇ ಪೆಡಲ್ ನೆಲಕ್ಕೆ ಹೋತು. ಅಂಥ ರಬ್ಬರ್ ಕಪ್ಪು ಒಂದನ್ನ ಕ್ಯಾಸೆಟ್ಟಿನ ಡಬ್ಬಿಯಾಗೆ ಇಟ್ಟೀನಿ. ಅಮೀರ್ ಜಾನ್ ಅವರಿಗೆ ತೋರಿಸ್ರಿ. ಅವರು ಕೇಳಿದ್ದು ಸರಿ ಇತ್ತು ಅಂತ ಹೇಳ್ರಿ.

ಎಲ್ಲಾ ರಬ್ಬರು ಬದಲಿಸಿ, ಪೈಪು ತೊಳೀಬೇಕಂತೆ. ಸಾಮಾನು ಹುಬ್ಬಳ್ಳಿಯಿಂದ ಬರ್ತೈತೆ, ಶನಿವಾರ ಸಂಜೆಗೆ ಮುಗೀತೈತೆ ಅಂದ್ರು. "ನಾ ಕಟ್ಟಿದ ಬ್ರೇಕಿಗೆ ನಾ ಜವಾಬ್ದಾರಿ. ನಿನ್ನ ಕಾಲಿಗಲ್ಲ" ಅಂದ್ರು. ಅದು ಖರೆ. ಇವತ್ತು ಹರಿಹರಕ್ಕೆ ಬಸ್ಸಿನಾಗೆ ಹೋದೆ. ಡ್ರೈವರ್ ಬ್ರೇಕ್ ಹಾಕಿದಾಗೆಲ್ಲ ನನ್ನ ಕಾಲು ತಾನೇ ನೆಲ ಒತ್ತತಿತ್ತು. ಪಕ್ಕದ ಹೆಂಗಸು ಯಾಕಪ್ಪಾ ಕಾಲು ನೋವಾ ಅಂತ ಕೇಳಿದ್ರು.

ಹರಿಹರದಾಗೆ ಅಕ್ಕ ಪಡಸಾಲಿಯಾಗೆ ಕುಂತು ಮೆಂತೆ ಸೊಪ್ಪು ಬಿಡಿಸ್ತಿದ್ಲು. ನಾನು ನಿಂತ್ಕಂಡೇ ಹೇಳ್ದೆ.

"ಅಕ್ಕ, ಅವತ್ತು ಗೇಟಿನ ಹತ್ರ ನಾ ಬೇಕಂತ ಮರಳಿಗೆ ಹತ್ತಿಸಿದ್ದಲ್ಲ."

ಅವಳು ತಲಿ ಎತ್ಲಿಲ್ಲ. "ಗೊತ್ತೈತೆ."

"ಹೆಂಗೆ?"

"ಮೂರು ಸಲ ಒತ್ತಿದೆ. ಮೂರು ಸಲನೂ ನಿನ್ನ ಕಾಲು ನೆಲಕ್ಕೆ ತಾಗ್ತು. ನಾನೇನು ಕಣ್ಣು ಮುಚ್ಕಂಡು ಕುಂತಿದ್ನಾ?"

"ಮತ್ತೆ ನಕ್ಕಿದ್ಯಾಕ?"

"ಅತ್ತಿದ್ರೆ ನೀನು ಸ್ಟೇರಿಂಗ್ ಬಿಟ್ಟು ನನ್ನ ನೋಡ್ತಿದ್ದೆ."

ನಾನು ಹೊಸ್ತಿಲ ಮ್ಯಾಲೇ ಕುಂತೆ ಭಾವ. ಮತ್ತೆ ಭಾವಗೆ ತಮಾಷಿ ಅಂತ ಬರೆದಿದ್ಯಾಕ ಅಂತ ಕೇಳ್ದೆ.

"ಬ್ರೇಕ್ ಇರ್ಲಿಲ್ಲ ಅಂತ ಬರೆದ್ರೆ ಅಷ್ಟು ದೂರದಾಗೆ ಒಬ್ರೇ ಕುಂತು ಓದ್ಬೇಕಲ್ಲೋ. ಮರಳಿಗೆ ಹತ್ತಿಸ್ದ ಅಂತ ಬರೆದೆ. ಮೆಕ್ಯಾನಿಕ್ ಅಲ್ವಾ, ತಾವೇ ತಿಳ್ಕಂತಾರೆ ಅಂತ."

ಆಮೇಲೆ ಕೇಳಿದ್ಲು, "ತಿಳ್ಕಂಡ್ರಾ?"

ತಿಳ್ಕಂಡ್ರು ಅಂದೆ. ಅದೊಂದು ಸುಳ್ಳಲ್ಲ ಭಾವ. ಬಾಕಿದ್ದು ನಾ ಹೇಳಿಲ್ಲ. ನೀವು ಗಾಡಿ ತೊಳೀತೀರಿ ಅನ್ನೋದು ನನ್ನ ಬಾಯಿಂದ ಅವಳು ಕೇಳಬಾರ್ದು.

ಸಾಬ್ ಸರಿ ಮಾಡ್ತಾ ಅದಾರೆ, ಆದ್ರೂ ಸೋಮವಾರ ಬಸ್ಸಿಗೆ ಹೋಗಾನ ಅಂದೆ. ಸೊಪ್ಪಿನ ತಟ್ಟಿ ಪಕ್ಕಕ್ಕೆ ಸರಿಸಿದ್ಲು. "ಬಸ್ಸೋ ಜೀಪೋ, ಅದನ್ನ ನೀ ಹೇಳ್ಬ್ಯಾಡ. ನಿನ್ನ ಮಾತು ಆತು. ನಿನ್ನ ಭಾವ ಹೇಳ್ಲಿ. ಆ ಕೆಲ್ಸ ಬಲ್ಲೋರು ಅವರು. ಕೂಡು ಅಂದ್ರೆ ಕೂಡ್ತೀನಿ, ಬ್ಯಾಡ ಅಂದ್ರೆ ಇಲ್ಲ" ಅಂದ್ಲು.

ಹಂಗಾಗಿ ಭಾವ, ಅವಳು ನಿಮ್ಮ ಮಾತಿನ ಮ್ಯಾಲೆ ಜೀಪು ಹತ್ತತಾಳೆ. ಹೊಟ್ಟಿಯಾಗಿರೋದನ್ನೂ ಹತ್ತಿಸ್ತಾಳೆ. ನೀವು ಏನು ಹೇಳ್ತೀರೋ ಹೇಳ್ರಿ, ಆದ್ರೆ ಮೆಕ್ಯಾನಿಕ್ ಆಗಿ ಹೇಳ್ಬ್ಯಾಡ್ರಿ. ನಂದು ಹೇಳೋವಾಗ ನನಗೆ ಬೈಸ್ಕಳ್ಳಾಕ ಭಯ ಇತ್ತು. ಅವಳು ಬೈಲಿಲ್ಲ. ಅದಕ್ಕೇ ಇನ್ನೂ ಭಯ ಹೋಗಿಲ್ಲ.

ರೌಫ್ ಕೈ ಚಾಚಿ ನಿಂತಾನೆ, ಬಸ್ಸಿಗೆ ಹೊತ್ತಾತಂತೆ. ಹರಿಹರದ ಬಸ್ ಸ್ಟ್ಯಾಂಡ್ ಎದುರು ಓಬಯ್ಯನವರ ಎಸ್.ಟಿ.ಡಿ. ಬೂತು, ನಂಬರು ಡಬ್ಬಿ ಮ್ಯಾಲೆ ಬರ್ದೀನಿ. ಅಕ್ಕನ್ನ ಕರ್ಕಂಡು ಬಂದು ಕುಂತಿರ್ತೀನಿ, ಫೋನು ಅವಳೇ ಎತ್ತತಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡ್ರಿ. ನಿಮ್ಮಲ್ಲಿ ಎಂಟೂವರೆ.